ಬಚ್ಚಿಟ್ಟ ಬೆಂಕಿ

ಬೆಂಗಳೂರಿನ ಹೊಸ ಫ್ಲ್ಯಾಟುಗಳಲ್ಲಿ ಈಗ ಒಲೆಯೇ ಕಾಣದ ಅಡುಗೆಕಟ್ಟೆ ಬರ್ತಿದೆ. ಕಲ್ಲಿನ ಚಪ್ಪಡಿಯ ಕೆಳಗೆ ಇಂಡಕ್ಷನ್ ಕಾಯಿಲ್ ಕೂರಿಸಿರ್ತಾರೆ, ಮೇಲೆ ಸಣ್ಣದೊಂದು ಗುರುತು ಅಷ್ಟೇ. ಅಡುಗೆ ಮುಗಿದ ಮೇಲೆ ಅಲ್ಲೇ ಲ್ಯಾಪ್‌ಟಾಪ್ ಇಟ್ಟು ಕೂರಬಹುದಂತೆ. ನಮ್ಮ ಕಸುಬಿನಲ್ಲಿ ಇದಕ್ಕೆ ಅಬ್‌ಸ್ಟ್ರಾಕ್ಷನ್ ಅಂತೀವಿ: ಒಳಗಿನ ರಗಳೆ ಮುಚ್ಚು, ಬಟನ್ ಮಾತ್ರ ತೋರಿಸು. ಆದರೆ ಬೆಂಕಿಯನ್ನು ಮುಚ್ಚಿಡೋದು ಹೊಸ ಕಲೆಯೇನಲ್ಲ.

ನಮ್ಮ ಬೀದರಿನ ಕೋಟೆಯನ್ನೇ ನೋಡಿ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ. ಕೋಟೆಯೊಳಗೆ ಶಾಹಿ ಮತ್ಬಖ್ ಅನ್ನೋ ಅರಸರ ಅಡುಗೆಮನೆ ಇದೆ, ಶಾಹಿ ಹಮಾಮು ಅನ್ನೋ ಸ್ನಾನಗೃಹವೂ ಇದೆ. ಹಮಾಮುಗಳಲ್ಲಿ ಸ್ನಾನ ಮಾಡುವವರಿಗೆ ಬೆಂಕಿ ಕಾಣುತ್ತಿರಲಿಲ್ಲ. ಕುಲುಮೆ ಬೇರೆ ಕಡೆ, ಶಾಖ ನೆಲದಡಿಯಿಂದ. ಬೆಂಕಿ ಬಚ್ಚಿಟ್ಟಿದ್ದು ಮೀಯುವವರಿಂದ, ಸೌದೆ ಒಟ್ಟುವವನಿಂದ ಅಲ್ಲ.

ಮನ್ನಳ್ಳಿಯಂಥ ಊರಿನ ಮನೆಗಳಲ್ಲಿ ಬೆಂಕಿ ಜೊತೆಗೆ ಹೆಂಗಸರನ್ನೂ ಒಳಗಿನ ಕೋಣೆಗೆ ಹಾಕಿದ್ದರು. ನಮ್ಮ ಕಡೆ ಉರುವಲು ಅಂದ್ರೆ ತೊಗರಿ ಕಟಗಿ, ಹತ್ತಿ ಕಟಗಿ, ಕುಳ್ಳು. ತೊಗರಿ ಕಟಗಿ ಭರ್ರನೆ ಉರಿದು ಮುಗೀತದ. ಒಂದು ಕೈ ರೊಟ್ಟಿ ಬಡಿಯುವಾಗ ಇನ್ನೊಂದು ಕೈ ಕಟಗಿ ಮುಂದಕ್ಕೆ ನೂಕ್ತಿರಬೇಕು. ಕಿಟಕಿ ಇಲ್ಲದ ಕೋಣೆ, ಕಪ್ಪು ಜಂತಿ, ಕೆಂಪು ಕಣ್ಣು.

ಈ ಹೊಗೆಯನ್ನು ಎಂಜಿನಿಯರಿಂಗ್ ಪ್ರಶ್ನೆಯಾಗಿ ನೋಡಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. 1974ರಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿ ಅಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕಟ್ಟಿದರು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರ ಅವರ ಪ್ರಯೋಗದ ಊರು. ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆಮನೆ ಲೆಕ್ಕ ಹಾಕಿದರು: ಯಾರು ಎಷ್ಟು ಸೌದೆ ತರ್ತಾರೆ, ಎಷ್ಟು ಹೊತ್ತು ನಡೀತಾರೆ. ಹಳ್ಳಿ ಬಳಸುವ ಶಕ್ತಿಯಲ್ಲಿ ಬಹುಪಾಲು ಅಡುಗೆ ಸೌದೆಯದೇ ಅಂತ ಗೊತ್ತಾಯಿತು. ಪಂಪ್‌ಸೆಟ್ಟು, ಬಲ್ಬುಗಳ ಪಾಲು ಅದರ ಮುಂದೆ ಏನೂ ಅಲ್ಲ. ಶಕ್ತಿ ಸಮಸ್ಯೆ ಅಂದ್ರೆ ಕರೆಂಟು ಅಂದುಕೊಂಡಿದ್ದ ಕಾಲದಲ್ಲಿ ಇದು ದೊಡ್ಡ ಮಾತು.

1980ರ ದಶಕದ ಆರಂಭದಲ್ಲಿ ಎಸ್.ಎಸ್. ಲೋಕ್ರಾಸ್, ಕೆ.ಎಸ್. ಜಗದೀಶ್ ಮತ್ತಿತರರು ಅಸ್ತ್ರ ಒಲೆ ರೂಪಿಸಿದರು. ಸೌದೆ ಉರಿಯೋದು ಮುಚ್ಚಿದ ಗೂಡಿನಲ್ಲಿ, ಕೆಳಗೆ ಗಾಳಿ ಬರಲು ಜಾಲರಿ, ಬಿಸಿಗಾಳಿ ಸಾಲಾಗಿ ಮೂರು ಪಾತ್ರೆ ಬೇಯಿಸಿ ಕೊನೆಗೆ ಕೊಳವೆಯಿಂದ ಹೊರಗೆ. ಉಳಿದ ಶಾಖ ಪಕ್ಕದ ಪಾತ್ರೆಗೆ ಅನ್ನೋ ಯೋಚನೆ ನಮ್ಮ ಕೋಡೊಲೆಯಲ್ಲೇ ಇತ್ತು. ಇವರು ಅದನ್ನು ಅಳತೆಗೆ ತಂದರು. ಸೌದೆ ಉಳಿಯಿತು, ಹೊಗೆ ಹೊರಗೆ ಹೋಯಿತು. ನನ್ನ ಪ್ರಕಾರ ಅಡುಗೆ ಮಾಡುವವಳ ಸಲುವಾಗಿ ಬೆಂಕಿ ಮುಚ್ಚಿದ್ದು ಅದೊಂದೇ ಸಲ.

ಆದರೆ ಉಂಗ್ರ ರಾಗಿಮುದ್ದೆಯ ಸೀಮೆ. ಮುದ್ದೆ, ಸಾರು, ಅನ್ನ ಮೂರೂ ಪಾತ್ರೆಯಲ್ಲಿ ಬೇಯುವಂಥವು. ಜೋಳದ ರೊಟ್ಟಿ ಹಂಗಲ್ಲ. ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ನೀರು ಸವರಿ, ತಿರುವಿ, ಕೊನೆಗೆ ಒಲೆ ಬಾಯಿಯ ಕೆಂಡದ ಮುಂದೆ ಆನಿಸಿ ಇಡಬೇಕು. ಅಲ್ಲಿ ಅದು ಉಬ್ಬೋದು. ಮುಚ್ಚಿದ ಗೂಡಿನಲ್ಲಿ ರೊಟ್ಟಿ ಆನಿಸಲು ಜಾಗ ಎಲ್ಲಿ? ಉದ್ದ ತೊಗರಿ ಕಟಗಿಯನ್ನು ತುಂಡು ತುಂಡು ಮಾಡಿ ತುಂಬೋರು ಯಾರು? 1980ರ ದಶಕದಲ್ಲೇ ಶುರುವಾದ ಕೇಂದ್ರದ ಸುಧಾರಿತ ಒಲೆ ಕಾರ್ಯಕ್ರಮ 2002ಕ್ಕೆ ನಿಂತುಹೋಯಿತು. 2016ರಲ್ಲಿ ಉಜ್ವಲ ಯೋಜನೆ ಬಂದಾಗ ಒಲೆ ಸುಧಾರಿಸುವ ಮಾತೇ ಹಿಂದೆ ಸರಿಯಿತು, ಸಿಲಿಂಡರ್ ಮುಂದೆ ಬಂತು.

ಇಂಡಕ್ಷನ್ನಿನ ಬೇರು ಫ್ಯಾರಡೆಯ 1831ರ ಪ್ರಯೋಗದಲ್ಲಿದೆ. 1950ರ ದಶಕದಲ್ಲಿ ಅಮೆರಿಕದ ಫ್ರಿಜಿಡೇರ್ ಕಂಪನಿ ಒಲೆಗೂ ಪಾತ್ರೆಗೂ ಮಧ್ಯೆ ದಿನಪತ್ರಿಕೆ ಇಟ್ಟು ನೀರು ಕುದಿಸಿ ತೋರಿಸಿತು. ಇಲ್ಲಿ ಬಿಸಿಯಾಗೋದು ಪಾತ್ರೆಯ ತಳ, ಒಲೆಯಲ್ಲ. ಪತ್ರಿಕೆಯ ಜಾಗಕ್ಕೆ ಕಲ್ಲು ಬಂದರೆ ಈಗಿನ ಗುಪ್ತ ಒಲೆ. ಕಲ್ಲು ದಪ್ಪವಾದಷ್ಟೂ ಕಾಂತದ ಬಲ ಕುಗ್ಗುತ್ತೆ. ಕಾದ ಪಾತ್ರೆ ಕಲ್ಲನ್ನೂ ಕಾಯಿಸಿ ಬಿರುಕು ಬಿಡಿಸಬಹುದು ಅಂತ ಮಧ್ಯೆ ಒಂದು ಮ್ಯಾಟ್ ಬೇರೆ. ಮಣ್ಣಿನ ಹಂಚು ಇದರ ಮೇಲೆ ಕಾಯೋದೇ ಇಲ್ಲ. ಕಬ್ಬಿಣದ್ದಾದರೂ ತಳ ಚಪ್ಪಟೆ ಇರಬೇಕು. ಕೆಂಡದ ಮಾತಂತೂ ಬಿಡಿ.

ಬೆಂಕಿ ಪೂರ್ತಿ ಮಾಯವಾಗಿದೆಯಾ ಅಂದ್ರೆ ಅದೂ ಇಲ್ಲ. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರೀತಾ ಇದೆ. ಆ ಹೊಗೆ, ಆ ಬೂದಿ ಅಲ್ಲಿಯ ಜನರ ಪಾಲಿಗೆ.

ಊರಲ್ಲಿ ನಮ್ಮ ಮನೆಯ ಅಡುಗೆಮನೆ ಹೊಸದು ಮಾಡಿಸುವ ಮಾತು ನಡೀತಿದೆ. ನಾನು ಕಳಿಸಿದ ಗುಪ್ತ ಒಲೆಯ ವಿಡಿಯೊ ನೋಡಿ ವೈನಿ ಅಂದದ್ದು ಇಷ್ಟು: "ಒಳಗ ಏನರೆ ಹಾಕಸ್ರಿ, ಹಿತ್ತಲದಾಗ ರೊಟ್ಟಿಗಿ ಒಂದ್ ಒಲಿ ಇರ್ಲಿ." ಒಳಗೆ ಗ್ಯಾಸೇ ಸಾಕು ಅಂತ ತೀರ್ಮಾನವಾಗಿದೆ. ಹಿತ್ತಲ ಒಲೆಗೆ ಬಾಯಿ ಅಗಲ ಇಟ್ಟು, ಮೇಲೆ ಹೊಗೆಕೊಳವೆ ಕಟ್ಟಬೇಕು. ಎರಡನ್ನೂ ಸರಿಯಾಗಿ ಮಾಡಬಲ್ಲ ಗೌಂಡಿಯನ್ನು ಹುಡುಕ್ತಿದ್ದೀವಿ.