ಸೋಲ್ ಆಲ್ಬಮ್: ಮೆಂಫಿಸ್‌ನಿಂದ ನ್ಯೂಯಾರ್ಕಿನ ಎಂಟನೇ ಬೀದಿಗೆ

ಅಮೆರಿಕದ ಸೋಲ್ ಸಂಗೀತ ಹುಟ್ಟಿದ್ದೇ ಬೆರಕೆಯಿಂದ. ಕಪ್ಪು ಜನರ ಚರ್ಚುಗಳ ಗಾಸ್ಪೆಲ್ ಹಾಡುಗಳ ಏರುದನಿ, ದಕ್ಷಿಣದ ಬ್ಲೂಸ್, ಕುಣಿತಕ್ಕೆ ಹೇಳಿ ಮಾಡಿಸಿದ ರಿದಮ್ ಅಂಡ್ ಬ್ಲೂಸ್, ಈ ಮೂರೂ ಅದರಲ್ಲಿ ಸೇರಿವೆ. 1954ರಲ್ಲಿ ರೇ ಚಾರ್ಲ್ಸ್ ಗಾಸ್ಪೆಲ್ ಹಾಡೊಂದರ ಧಾಟಿಗೆ ಪ್ರೇಮದ ಮಾತು ಕೂರಿಸಿ ‘ಐ ಗಾಟ್ ಎ ವುಮನ್’ ಹಾಡಿದಾಗ, ದೇವರ ಹಾಡನ್ನು ಬೀದಿಗೆ ತಂದರೆಂದು ಮುನಿದವರಿದ್ದರು. ಆದ್ದರಿಂದ ಈಚಿನ ಸೋಲ್ ಆಲ್ಬಮ್‌ಗಳಲ್ಲಿ ಜಾಝ್, ಹಿಪ್‌ಹಾಪ್, ರಾಕ್ ಬೆರೆತಿವೆ ಎಂಬುದನ್ನು ಹೊಸ ಸುದ್ದಿಯಂತೆ ಹೇಳುವುದರಲ್ಲಿ ಹುರುಳಿಲ್ಲ. ಬೆರೆಸುವುದು ಮೊದಲಿನಿಂದಲೂ ಇತ್ತು. ಬೆರೆಸಲು ಬೇಕಾದ ಪುರುಸೊತ್ತು ಮಾತ್ರ ತಡವಾಗಿ ಸಿಕ್ಕಿತು.

1960ರ ದಶಕದಲ್ಲಿ ಸೋಲ್ ಎಂದರೆ ಮೂರು ನಿಮಿಷದ ಹಾಡು. ರೇಡಿಯೊಗೆ ಬೇಕಾದದ್ದು ಅಷ್ಟೇ, 45 ಸುತ್ತಿನ ಸಣ್ಣ ರೆಕಾರ್ಡಿಗೆ ಒಗ್ಗುತ್ತಿದ್ದುದೂ ಅಷ್ಟೇ. ಡೆಟ್ರಾಯಿಟ್‌ನಲ್ಲಿ ಬೆರಿ ಗಾರ್ಡಿ 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ಪಡೆದು ಮೋಟೌನ್ ಕಂಪನಿ ಕಟ್ಟಿದರು. ಮೊದಲು ಕಾರು ಕಾರ್ಖಾನೆಯಲ್ಲಿ ದುಡಿದಿದ್ದ ಅವರು ಹಾಡುಗಳನ್ನೂ ಹೆಚ್ಚುಕಡಿಮೆ ಅದೇ ಶಿಸ್ತಿನಲ್ಲಿ ತಯಾರಿಸಿದರು. ಮೆಂಫಿಸ್‌ನ ಸ್ಟಾಕ್ಸ್ ಕಂಪನಿ ಹಳೆಯ ಸಿನಿಮಾ ಟಾಕೀಸನ್ನೇ ಸ್ಟುಡಿಯೊ ಮಾಡಿಕೊಂಡಿತ್ತು. ಪ್ರೇಕ್ಷಕರಿಗಾಗಿ ಇಳಿಜಾರಾಗಿ ಹಾಕಿದ್ದ ನೆಲವನ್ನು ಸಮ ಮಾಡುವ ಗೋಜಿಗೂ ಹೋಗಿರಲಿಲ್ಲ. ಎರಡೂ ಕಡೆ ಆಲ್ಬಮ್ ಎಂಬುದು ಉಳಿಕೆ ಸರಕು: ಗೆದ್ದ ಹಾಡು ಒಂದೆರಡು, ಮಿಕ್ಕವು ಜಾಗ ತುಂಬಲು.

ಈ ಪದ್ಧತಿ ಮುರಿದದ್ದು ಕಲೆಯ ಹಂಬಲದಿಂದಲ್ಲ, ಒಂದು ಕರಾರು ಪತ್ರದಿಂದ. 1967ರ ಡಿಸೆಂಬರ್‌ನಲ್ಲಿ ಸ್ಟಾಕ್ಸ್‌ನ ದೊಡ್ಡ ಗಾಯಕ ಓಟಿಸ್ ರೆಡಿಂಗ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಮರುವರ್ಷ ವಿತರಕ ಸಂಸ್ಥೆ ಅಟ್ಲಾಂಟಿಕ್‌ನೊಂದಿಗಿನ ಒಪ್ಪಂದ ಮುಗಿದಾಗ, ಅದುವರೆಗೆ ಆ ಸಂಸ್ಥೆಯ ಮೂಲಕ ಮಾರಾಟವಾದ ಹಾಡುಗಳ ಮೂಲ ಟೇಪುಗಳೆಲ್ಲ ಅಟ್ಲಾಂಟಿಕ್‌ಗೇ ಸೇರಿದವು ಎಂಬುದು ಸ್ಟಾಕ್ಸ್‌ನವರಿಗೆ ತಿಳಿಯಿತು. ಅಂಗಡಿ ಇದೆ, ಸರಕಿಲ್ಲ. ಕಂಪನಿಯ ಮುಖ್ಯಸ್ಥರಲ್ಲೊಬ್ಬರಾದ ಆಲ್ ಬೆಲ್ ಒಂದೇ ಏಟಿಗೆ 27 ಆಲ್ಬಮ್ ಹೊರತರಲು ನಿರ್ಧರಿಸಿ, ಕಂಪನಿಯ ಗೀತರಚನೆಕಾರ ಐಸಾಕ್ ಹೇಯ್ಸ್ ಅವರನ್ನೂ ಹಾಡಲು ಕೇಳಿದರು. ಹೇಯ್ಸ್ ಅವರ ಮೊದಲ ಆಲ್ಬಮ್ ಸೋತಿತ್ತು. ಈ ಸಲ ಯಾರೂ ನಡುವೆ ಬಾಯಿ ಹಾಕಬಾರದೆಂಬ ಷರತ್ತಿನ ಮೇಲೆ ಅವರು ಒಪ್ಪಿದರು.

1969ರಲ್ಲಿ ಬಂದ ಆ ‘ಹಾಟ್ ಬಟರ್ಡ್ ಸೋಲ್’ನಲ್ಲಿ ಇರುವುದು ನಾಲ್ಕೇ ಹಾಡು. ಕೊನೆಯದು 18 ನಿಮಿಷ ಮೀರುತ್ತದೆ. ಜಿಮ್ಮಿ ವೆಬ್ ಬರೆದ ಅದನ್ನು ಕಂಟ್ರಿ ಗಾಯಕ ಗ್ಲೆನ್ ಕ್ಯಾಂಪ್‌ಬೆಲ್ ಮೂರು ನಿಮಿಷದೊಳಗೆ ಹಾಡಿ ಮುಗಿಸಿದ್ದರು. ಹೇಯ್ಸ್ ಆರ್ಗನ್ನಿನ ಒಂದೇ ಸ್ವರಮೇಳ ಹಿಡಿದುಕೊಂಡು, ಹಾಡಿನ ಹಿಂದಿನ ಕತೆಯನ್ನು ಹರಿಕಥೆ ದಾಸರಂತೆ ಎಂಟು ನಿಮಿಷಕ್ಕೂ ಮೀರಿ ಮಾತಿನಲ್ಲೇ ಹೇಳುತ್ತಾರೆ. ಹಾಡು ಶುರುವಾಗುವುದು ಆಮೇಲೆ. ಇಂಥದ್ದು ಮಾರಾಟವಾಗುವುದೆಂದು ಯಾರೂ ಎಣಿಸಿರಲಿಲ್ಲ. ಅದು ಜಾಝ್ ಪಟ್ಟಿಯ ತುದಿಗೇರಿತು, ಪಾಪ್ ಪಟ್ಟಿಯಲ್ಲೂ ಮೊದಲ ಹತ್ತರೊಳಗೆ ಬಂತು. ಉಳಿದ 26ರಲ್ಲಿ ಯಾವುದಕ್ಕೂ ಆ ಭಾಗ್ಯ ಇರಲಿಲ್ಲ.

ಎರಡು ವರ್ಷದಲ್ಲಿ ಮೋಟೌನ್ ಕೂಡ ಮಣಿಯಿತು. ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಹಾಡು ಗಾರ್ಡಿಗೆ ಹಿಡಿಸಿರಲಿಲ್ಲ. ವಿಯೆಟ್ನಾಂ ಯುದ್ಧ, ಪೊಲೀಸರ ಹೊಡೆತ ಇವೆಲ್ಲ ಪ್ರೇಮಗೀತೆಗಳ ಕಂಪನಿಗೆ ಬೇಡವಾಗಿದ್ದವು. 1971ರ ಜನವರಿಯಲ್ಲಿ ಬಿಡುಗಡೆಯಾಗಿ ಅದು ಗೆದ್ದ ಮೇಲೆ ಮೇ ತಿಂಗಳಿಗೆ ಇಡೀ ಆಲ್ಬಮ್ ಸಿದ್ಧವಾಯಿತು. ಒಂದು ಹಾಡು ಇನ್ನೊಂದಕ್ಕೆ ಎಡೆಯಿಲ್ಲದೆ ಹರಿಯುತ್ತದೆ. ಗೇ ತಮ್ಮದೇ ದನಿಗೆ ತಾವೇ ಜೊತೆಗೂಡುವಂತೆ ಕೇಳುವುದು ಆಕಸ್ಮಿಕದ ಫಲ: ಬೇರೆ ಬೇರೆಯಾಗಿ ಹಾಡಿದ್ದ ಎರಡು ಧ್ವನಿಮುದ್ರಣಗಳನ್ನು ಎಂಜಿನಿಯರ್ ಒಟ್ಟಿಗೆ ಕೇಳಿಸಿಬಿಟ್ಟರು, ಗೇ ಹಾಗೇ ಇರಲಿ ಎಂದರು. ವರ್ಷಗಟ್ಟಲೆ ಮೋಟೌನ್ ಹಾಡುಗಳಿಗೆ ನುಡಿಸಿದ್ದ ವಾದಕರ ಹೆಸರು ಕವರಿನ ಮೇಲೆ ಅಚ್ಚಾದದ್ದೂ ಇದರಿಂದಲೇ. ಅದೇ ವರ್ಷ 21 ತುಂಬಿದ ಸ್ಟೀವಿ ವಂಡರ್ ಹಳೆಯ ಒಪ್ಪಂದ ಕೈಬಿಟ್ಟು, ನ್ಯೂಯಾರ್ಕಿಗೆ ಹೋಗಿ, ಸಿಂಥಸೈಜರ್‌ಗಳ ನಡುವೆ ಕೂತರು.

ವಂಡರ್ ಕೆಲಸ ಮಾಡಿದ ಸ್ಟುಡಿಯೊಗಳಲ್ಲಿ ಎಲೆಕ್ಟ್ರಿಕ್ ಲೇಡಿ ಒಂದು. ಗ್ರೆನಿಚ್ ವಿಲೇಜಿನ ವೆಸ್ಟ್ ಎಂಟನೇ ಬೀದಿಯಲ್ಲಿ ಅದನ್ನು ಕಟ್ಟಿಸಿದ್ದು ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್. 1970ರ ಆಗಸ್ಟ್‌ನಲ್ಲಿ ಅದು ಉದ್ಘಾಟನೆಯಾಗಿ ತಿಂಗಳು ತುಂಬುವಷ್ಟರಲ್ಲಿ ಅವರು ತೀರಿಕೊಂಡರು. 1980ರ ದಶಕದಲ್ಲಿ ವಿದ್ಯುನ್ಮಾನ ಡ್ರಮ್ ಯಂತ್ರಗಳು ದೊಡ್ಡ ವಾದ್ಯವೃಂದಗಳ ಅನ್ನ ಕಸಿದವು. ಹಳೆಯ ಸೋಲ್ ಹೆಚ್ಚಾಗಿ ಬದುಕಿದ್ದು ಹಿಪ್‌ಹಾಪ್‌ನವರ ಕೈಯಲ್ಲಿ, ರೆಕಾರ್ಡುಗಳಿಂದ ಕತ್ತರಿಸಿ ಮತ್ತೆ ಜೋಡಿಸಿದ ತುಣುಕುಗಳಾಗಿ.

ಆ ತುಣುಕುಗಳನ್ನು ಕೇಳಿಕೊಂಡೇ ಬೆಳೆದವರು 1990ರ ದಶಕದಲ್ಲಿ ಹಾಡತೊಡಗಿದರು. ಡಿ’ಆಂಜೆಲೊ ಅವರ ‘ಬ್ರೌನ್ ಶುಗರ್’ 1995ರಲ್ಲಿ, ಎರಿಕಾ ಬಾಡು ಅವರ ‘ಬಾಡುಯಿಸಂ’ 1997ರಲ್ಲಿ ಬಂದವು. ಇಬ್ಬರ ಬೆನ್ನಿಗೂ ನಿಂತಿದ್ದ ಕೀಡರ್ ಮ್ಯಾಸೆನ್‌ಬರ್ಗ್ ಇದಕ್ಕೆ ‘ನಿಯೊ ಸೋಲ್’ ಎಂದು ಹೆಸರಿಟ್ಟು ಮಾರಿದರು. ಹಾಡುವವರಲ್ಲಿ ಹಲವರಿಗೆ ಆ ಚೀಟಿ ಹಿಡಿಸಲಿಲ್ಲ. ಲಾರಿನ್ ಹಿಲ್ ಅವರ 1998ರ ಆಲ್ಬಮ್ ರ‍್ಯಾಪ್, ರೆಗೆ, ಸೋಲ್ ಮೂರನ್ನೂ ಹೆಣೆದು ವರ್ಷದ ಆಲ್ಬಮ್ ಎಂಬ ಗ್ರ್ಯಾಮಿ ಪಡೆಯಿತು.

ಇವೆಲ್ಲಕ್ಕಿಂತ ಆಳಕ್ಕೆ ಹೋದ ಕೆಲಸ ನಡೆದದ್ದು ಮತ್ತೆ ಎಲೆಕ್ಟ್ರಿಕ್ ಲೇಡಿಯಲ್ಲೇ. ಡಿ’ಆಂಜೆಲೊ, ಡ್ರಮ್ಸ್ ವಾದಕ ಕ್ವೆಸ್ಟ್‌ಲವ್, ಕೀಬೋರ್ಡಿನ ಜೇಮ್ಸ್ ಪೊಯ್ಸರ್, ಡೆಟ್ರಾಯಿಟ್‌ನ ಜೆ ಡಿಲ್ಲಾ ಕೂಡಿದ ಬಳಗಕ್ಕೆ ಸೋಲ್‌ಕ್ವೇರಿಯನ್ಸ್ ಎಂದು ಹೆಸರು. ಹಳೆಯ ಕಾರ್ಯಕ್ರಮಗಳ ವಿಡಿಯೊ ನೋಡುವುದು, ಹಿರಿಯರ ಹಾಡುಗಳನ್ನು ನುಡಿಸುವುದು, ನುಡಿಸುತ್ತ ನುಡಿಸುತ್ತ ಹೊಸದೊಂದು ಸಿಕ್ಕರೆ ಟೇಪಿಗೆ ಹಾಕುವುದು: ರಾತ್ರಿಗಳು ಹೀಗೆ ಕಳೆದವು. ಬಾಡು ಮತ್ತು ರ‍್ಯಾಪರ್ ಕಾಮನ್ ಅವರ ಆಲ್ಬಮ್‌ಗಳ ಕೆಲಸವೂ ಅಲ್ಲೇ ನಡೆದಿದ್ದರಿಂದ ಒಬ್ಬರಿಗೆಂದು ಮಾಡಿದ ಹಾಡು ಇನ್ನೊಬ್ಬರ ಪಾಲಾಗುತ್ತಿತ್ತು.

ಆ ಬಳಗದ ಲಯ ಬಂದದ್ದು ಡಿಲ್ಲಾ ಅವರ ಯಂತ್ರದಿಂದ. ಅಕಾಯ್ ಕಂಪನಿಯ ಎಂಪಿಸಿ 3000 ಎಂಬ ಪೆಟ್ಟಿಗೆಯ ಮೇಲಿನ ರಬ್ಬರ್ ಗುಂಡಿಗಳನ್ನು ಬೆರಳಿನಿಂದ ಬಡಿದು ತಾಳ ಕಟ್ಟಬೇಕು. ಬಡಿತ ಹಿಂದುಮುಂದಾದರೆ ಅದನ್ನು ಅಳತೆಗೆ ಎಳೆದು ಕೂರಿಸುವ ಸೌಕರ್ಯ ಆ ಯಂತ್ರದಲ್ಲೇ ಇದೆ. ಡಿಲ್ಲಾ ಅದನ್ನು ಎಷ್ಟೋ ಸಲ ಬಳಸುತ್ತಿರಲಿಲ್ಲ; ಒಂದು ಬಡಿತ ಕೂದಲೆಳೆಯಷ್ಟು ಮುಂಚೆ, ಮತ್ತೊಂದು ತುಸು ತಡವಾಗಿ, ಮೂರನೆಯದು ಅಳತೆಗೆ ಸರಿಯಾಗಿ ಬೀಳುತ್ತಿತ್ತು. ಕರಾರುವಾಕ್ಕಾಗಿ ನುಡಿಸುವುದಕ್ಕೆ ಹೆಸರಾಗಿದ್ದ ಕ್ವೆಸ್ಟ್‌ಲವ್, ಯಂತ್ರದಲ್ಲಿ ಹುಟ್ಟಿದ ಈ ಓರೆ ನಡೆಯನ್ನು ಕೈಯಾರೆ ನುಡಿಸಲು ಹೊಸದಾಗಿ ಅಭ್ಯಾಸ ಮಾಡಬೇಕಾಯಿತು. 2000ದ ಜನವರಿಯಲ್ಲಿ ಬಂದ ‘ವೂಡೂ’ ಆಲ್ಬಮ್ಮಿನ ತೂಗಾಟ ಇದೇ. ಪಿನೊ ಪಲಡಿನೊ ಅವರ ಬಾಸ್ ತಾಳಕ್ಕಿಂತ ಬೇಕೆಂದೇ ಹಿಂದುಳಿಯುತ್ತದೆ, ರಾಯ್ ಹಾರ್ಗ್ರೋವ್ ಅವರ ತುತ್ತೂರಿ ಜಾಝ್ ತರುತ್ತದೆ. ಮೊದಲ ಸಲ ಕೇಳಿದವರಿಗೆ ಎಲ್ಲವೂ ಒಂದಿಷ್ಟು ಜಾರಿದಂತೆ ಅನ್ನಿಸಿದರೆ ಕಿವಿಯ ತಪ್ಪಲ್ಲ.

2002ರ ಕಾಮನ್ ಆಲ್ಬಮ್ ಮಾರುಕಟ್ಟೆಯಲ್ಲಿ ಸೋತ ಹೊತ್ತಿಗೆ ಬಳಗ ಚದುರಿತು. ಡಿಲ್ಲಾ 2006ರ ಫೆಬ್ರವರಿಯಲ್ಲಿ 32ನೇ ವಯಸ್ಸಿಗೆ ತೀರಿಕೊಂಡರು. ಅವರ ಎಂಪಿಸಿ ಈಗ ವಾಷಿಂಗ್ಟನ್ನಿನ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯದಲ್ಲಿದೆ. ಅವರ ಲಯ ಜಾಝ್ ಶಾಲೆಗಳಿಗೂ ಹೊಕ್ಕಿತು. ಪಿಯಾನೊ ವಾದಕ ರಾಬರ್ಟ್ ಗ್ಲಾಸ್ಪರ್ ಜಾಝ್ ಸಂಸ್ಥೆ ಬ್ಲೂ ನೋಟ್‌ಗೆ ಮಾಡಿದ ‘ಬ್ಲ್ಯಾಕ್ ರೇಡಿಯೊ’ 2013ರಲ್ಲಿ ಗೆದ್ದದ್ದು ರಿದಮ್ ಅಂಡ್ ಬ್ಲೂಸ್ ಆಲ್ಬಮ್‌ಗೆ ಮೀಸಲಾದ ಗ್ರ್ಯಾಮಿಯನ್ನು. ‘ವೂಡೂ’ ನಂತರದ ಆಲ್ಬಮ್‌ಗೆ ಡಿ’ಆಂಜೆಲೊ ಸುಮಾರು 15 ವರ್ಷ ತೆಗೆದುಕೊಂಡರು. ಫರ್ಗುಸನ್ ಪಟ್ಟಣದಲ್ಲಿ ಪೊಲೀಸರ ವಿರುದ್ಧ ನಡೆದ ಪ್ರತಿಭಟನೆಗಳ ಬೆನ್ನಿಗೇ ‘ಬ್ಲ್ಯಾಕ್ ಮೆಸ್ಸಾಯ’ವನ್ನು 2014ರ ಡಿಸೆಂಬರ್‌ನಲ್ಲಿ ಅವಸರವಾಗಿ ಹೊರತರಲಾಯಿತು. ಯಾವ ಪಟ್ಟಿಗೂ ಸರಿಹೊಂದದ ಇಂಥ ಕೃತಿಗಳಿಗಾಗಿ ಗ್ರ್ಯಾಮಿ ಸಂಸ್ಥೆ 2020ರಲ್ಲಿ ಒಂದು ವಿಭಾಗದ ಹೆಸರನ್ನೇ ‘ಪ್ರೋಗ್ರೆಸಿವ್ ಆರ್ ಅಂಡ್ ಬಿ’ ಎಂದು ಬದಲಿಸಿತು. ಮರುವರ್ಷ ಆ ಹೆಸರಿನ ಮೊದಲ ಪ್ರಶಸ್ತಿ ಬಾಸ್ ವಾದಕ ಥಂಡರ್‌ಕ್ಯಾಟ್ ಅವರಿಗೆ ಸಂದಿತು.