ಕಾಲುವೆ ಸೀಮೆಯಲ್ಲಿ ಮನೆಗೊಂದು ಜಾಗ

ಬಡವರ ಮನೆಯ ಮಾತು ಬಂದಾಗ ಸರ್ಕಾರವೂ ಪತ್ರಿಕೆಗಳೂ ಎರಡೇ ಲೆಕ್ಕ ಕೇಳುತ್ತವೆ: ಈ ವರ್ಷ ಎಷ್ಟು ಮನೆ ಮಂಜೂರಾದವು, ಒಂದು ಮನೆಗೆ ಎಷ್ಟು ಸಹಾಯಧನ. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಕಳೆದ ಎಪ್ಪತ್ತು ವರ್ಷಗಳ ಚರಿತ್ರೆಯನ್ನು ಓದಿದರೆ, ಇವೆರಡಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ ಎನ್ನುವುದು ಗೊತ್ತಾಗುತ್ತದೆ. ಮನೆ ಏಳುವುದು ಯಾರ ಜಾಗದಲ್ಲಿ? ಜಾಗದ ಕಾಗದ ಇದ್ದವರಿಗೆ ಇಲ್ಲಿ ಸೂರು ಹೇಗೋ ಒದಗಿದೆ, ಸರ್ಕಾರದಿಂದಲೋ ಸ್ವಂತ ದುಡಿಮೆಯಿಂದಲೋ. ಕಾಗದ ಇಲ್ಲದವರಿಗೆ ಯೋಜನೆಯ ಹೆಸರು ಎಷ್ಟು ಸಲ ಬದಲಾದರೂ ಫಲ ಬದಲಾಗಿಲ್ಲ. ವಸತಿ ಸಹಾಯದ ಸೋಲು ಗೆಲುವುಗಳನ್ನು ಸಿಮೆಂಟಿನ ಲೆಕ್ಕದಲ್ಲಿ ಹುಡುಕುವ ಬದಲು ನಿವೇಶನದ ಲೆಕ್ಕದಲ್ಲಿ ಹುಡುಕಬೇಕು ಎಂಬುದು ಈ ಬರಹದ ವಾದ.

ಈ ಕತೆ ನೀರಿನಿಂದ ಶುರುವಾಗುತ್ತದೆ. ಮದ್ರಾಸ್ ಪ್ರಾಂತ್ಯ ಮತ್ತು ನಿಜಾಮನ ಹೈದರಾಬಾದ್ ಸಂಸ್ಥಾನ ಕೂಡಿ 1945ರಲ್ಲಿ ಅಡಿಗಲ್ಲು ಹಾಕಿದ ತುಂಗಭದ್ರಾ ಅಣೆಕಟ್ಟೆಯಿಂದ 1953ರಲ್ಲಿ ಕಾಲುವೆಗೆ ನೀರು ಹರಿಯಿತು. ರಾಯಚೂರು ಆಗ ಹೈದರಾಬಾದ್ ರಾಜ್ಯದ ಜಿಲ್ಲೆ. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್‌ನಲ್ಲಿ. ಅಲ್ಲಿಯವರೆಗೆ ಈ ಎರೆ ಸೀಮೆ ಮಳೆ ನಂಬಿ ಜೋಳ, ಹತ್ತಿ, ಸಜ್ಜೆ ಬೆಳೆಯುತ್ತಿತ್ತು. ಮಳೆ ಕೈಕೊಟ್ಟ ವರ್ಷ ಜನ ಗುಳೆ ಹೋಗುತ್ತಿದ್ದರು. ಹೊಲಕ್ಕೆ ಬೆಲೆ ಕಡಿಮೆ, ಆದ್ದರಿಂದ ಹೊಲದ ಅಂಚಿನಲ್ಲಿ ಗುಡಿಸಲು ಹಾಕಿಕೊಂಡವನನ್ನು ಯಾರೂ ಅಷ್ಟಾಗಿ ಕೇಳುತ್ತಿರಲಿಲ್ಲ. ಎಡದಂಡೆ ಕಾಲುವೆ ಈ ಲೆಕ್ಕವನ್ನೇ ತಿರುವಿ ಹಾಕಿತು. ನೀರಾವರಿ ಬೇಸಾಯ ಬಲ್ಲ ಕರಾವಳಿ ಆಂಧ್ರದ ರೈತರು ಬಂದು, ಸ್ಥಳೀಯರಿಂದ ಒಣ ಭೂಮಿ ಕೊಂಡು, ಗದ್ದೆ ಮಾಡಿ, ಗದ್ದೆಯ ಪಕ್ಕದಲ್ಲೇ ಕ್ಯಾಂಪ್ ಕಟ್ಟಿಕೊಂಡರು. ಭತ್ತದ ಜೊತೆಗೆ ಅಕ್ಕಿ ಗಿರಣಿ, ಗೊಬ್ಬರದ ಅಂಗಡಿ, ಟ್ರ್ಯಾಕ್ಟರ್ ಶೋರೂಮು ಬಂದವು. ಸಿಂಧನೂರು ಭತ್ತದ ಕಣಜವಾಯಿತು. ಒಂದು ಕಾಲಕ್ಕೆ ಬೆಲೆಯೇ ಇಲ್ಲದಿದ್ದ ಹೊಲದ ಅಂಚೂ ಈಗ ಎಕರೆ ಲೆಕ್ಕದಲ್ಲಿ ಮಾರಾಟದ ಮಾಲು. ನಾಟಿಗೆ, ಕಳೆಗೆ, ಕೊಯ್ಲಿಗೆ ಕೂಲಿಯವರು ಹಿಂದಿಗಿಂತ ಹೆಚ್ಚು ಬೇಕಾದರು. ಅವರು ಇರಲು ಬೇಕಾದ ಜಾಗ ಮಾತ್ರ ಹಿಂದಿಗಿಂತ ದುಬಾರಿಯಾಯಿತು.

ಇದೇ ನೆಲದಲ್ಲಿ ಸರ್ಕಾರವೇ ಮುಂದೆ ನಿಂತು ಮಾಡಿದ ಇನ್ನೊಂದು ವಸತಿ ಪ್ರಯೋಗವೂ ಇದೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಹಿಂದೂ ನಿರಾಶ್ರಿತರನ್ನು ಎಪ್ಪತ್ತರ ದಶಕದಲ್ಲಿ ಸಿಂಧನೂರು ತಾಲ್ಲೂಕಿನ ಪುನರ್ವಸತಿ ಕ್ಯಾಂಪುಗಳಿಗೆ ತಂದು ನೆಲೆಗೊಳಿಸಲಾಯಿತು. ಜನರ ಬಾಯಲ್ಲಿ ಇವು ಆರ್‌.ಎಚ್‌. ಕ್ಯಾಂಪುಗಳು. ಬರ್ಮಾದಿಂದ ಮರಳಿದ ಕುಟುಂಬಗಳೂ ಇಲ್ಲಿ ನೆಲೆ ಕಂಡವು. ಈ ಪ್ರಯೋಗದ ವಿಶೇಷವೆಂದರೆ ಮನೆಯನ್ನು ಒಂಟಿಯಾಗಿ ಕೊಡದೆ, ನಿವೇಶನ ಮತ್ತು ಸಾಗುವಳಿಗೆ ಕೆಲವು ಎಕರೆ ಭೂಮಿಯ ಜೊತೆಗೆ ಕೊಟ್ಟದ್ದು. ಭಾಷೆ, ಊಟ, ಹವೆ ಎಲ್ಲವೂ ಹೊಸತಾಗಿದ್ದ ಆ ಜನ ಅರ್ಧ ಶತಮಾನದಿಂದ ಇಲ್ಲೇ ಉಳಿದು ಬೆಳೆದದ್ದಕ್ಕೆ ಈ ಜೋಡಣೆಯೇ ಮುಖ್ಯ ಕಾರಣ ಎನ್ನಬಹುದು. ಆದರೆ ಜಾಗವೊಂದಿದ್ದರೆ ಸಾಕೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಪೌರತ್ವದ ಕಾಗದ ಸರಿಯಿಲ್ಲದೆ ಅನೇಕರು ದಶಕಗಟ್ಟಲೆ ತೊಂದರೆಪಟ್ಟರು. ಪೌರತ್ವ ತಿದ್ದುಪಡಿ ಕಾಯ್ದೆಯಡಿ ಈ ಕ್ಯಾಂಪುಗಳ ಕೆಲವರಿಗೆ ಪ್ರಮಾಣಪತ್ರ ಸಿಕ್ಕಿದ್ದು 2024ರಲ್ಲಿ. ಮೊದಲ ತಲೆಮಾರಿಗೆ ಕೊಟ್ಟ ನಿವೇಶನ ಮಕ್ಕಳು ಮೊಮ್ಮಕ್ಕಳ ಕಾಲಕ್ಕೆ ಹರಿದು ಹಂಚಿಹೋಗಿರುವುದೂ ನಿಜ. ಜಾಗದ ಹಕ್ಕಿನ ಜೊತೆಗೆ ಕಾಗದವೂ ಗಟ್ಟಿಯಿರಬೇಕು, ಮುಂದಿನ ತಲೆಮಾರಿನ ಲೆಕ್ಕವೂ ಇರಬೇಕು.

ಹೊರಗಿನಿಂದ ಬಂದವರಿಗೆ ಈ ಮಟ್ಟಿಗೆ ಆದದ್ದು ಇಲ್ಲಿನ ಕೂಲಿಕಾರರಿಗೆ ಆಯಿತೇ? ಕಾನೂನಿನ ಪುಟಗಳಲ್ಲಿ ಆಗಿದೆ. ಭೂಹೀನ ಕೂಲಿಗಳಿಗೆ ನಿವೇಶನ ಕೊಡುವ ಕೇಂದ್ರದ ಯೋಜನೆ 1971ರಲ್ಲಿ ಬಂತು. 1975ರ ಇಪ್ಪತ್ತು ಅಂಶಗಳ ಕಾರ್ಯಕ್ರಮದಲ್ಲೂ ಅದಕ್ಕೆ ಸ್ಥಾನ ಸಿಕ್ಕಿತು. ದೇವರಾಜ ಅರಸರ ಕಾಲದಲ್ಲಿ ನಿವೇಶನ ಹಂಚಿಕೆ, ಜನತಾ ಮನೆಗಳು ಹಳ್ಳಿ ಹಳ್ಳಿಗೆ ಬಂದವು. ಗೇಣಿದಾರನಿಗೆ ಭೂಮಿ ಕೊಟ್ಟದ್ದಕ್ಕೆ ಹೆಸರಾದ ಭೂಸುಧಾರಣಾ ಕಾಯ್ದೆಯ 38ನೇ ಕಲಮು, ಬೇರೆಯವರ ಜಮೀನಿನಲ್ಲಿ ಮನೆ ಕಟ್ಟಿಕೊಂಡ ಕೃಷಿ ಕೂಲಿಗೆ ಆ ಮನೆಯ ಒಡೆತನ ಪಡೆಯುವ ದಾರಿಯನ್ನೂ ತೆರೆಯಿತು. ಆದರೆ ಆ ದಾರಿಯಲ್ಲಿ ನಡೆಯುವುದು ಕೂಲಿಯವನಿಗೆ ಸುಲಭವಿರಲಿಲ್ಲ. ಯಾರ ಹೊಲದಲ್ಲಿ ಗುಡಿಸಲಿತ್ತೋ ಅವರ ಹೊಲದಲ್ಲೇ ನಾಳೆಯ ಕೂಲಿಯೂ ಇತ್ತು. ಒಡೆಯನ ವಿರುದ್ಧ ಅರ್ಜಿ ಬರೆದವನಿಗೆ ಸುಗ್ಗಿಯಲ್ಲಿ ಕೆಲಸ ಕೊಡುವವರು ಯಾರು? ಕಾಯ್ದೆ ಮನೆಯನ್ನು ದುಡಿಮೆಯಿಂದ ಬಿಡಿಸಿ ನೋಡಿತು. ಊರಿನ ಬದುಕಿನಲ್ಲಿ ಅವೆರಡೂ ಬೆಸೆದುಕೊಂಡಿದ್ದವು.

ಮುಂದಿನ ಯೋಜನೆಗಳು ಗಮನವನ್ನು ಜಾಗದಿಂದ ಕಟ್ಟಡಕ್ಕೆ ಹೊರಳಿಸಿದವು. 1985ರಲ್ಲಿ ಇಂದಿರಾ ಆವಾಸ್, ತೊಂಬತ್ತರ ದಶಕದಲ್ಲಿ ರಾಜ್ಯದ ಆಶ್ರಯ, 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ, ಆಮೇಲೆ ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್, 2016ರಲ್ಲಿ ಪ್ರಧಾನಮಂತ್ರಿ ಆವಾಸ್‌ನ ಗ್ರಾಮೀಣ ವಿಭಾಗ. ಇವುಗಳ ನಡೆ ಹೆಚ್ಚು ಕಡಿಮೆ ಒಂದೇ. ಗ್ರಾಮಸಭೆಯಲ್ಲಿ ಫಲಾನುಭವಿಯ ಆಯ್ಕೆ. ಬುನಾದಿ, ಲಿಂಟಲ್, ಛಾವಣಿ ಎಂದು ಹಂತಕ್ಕೊಂದು ಫೋಟೊ. ಹಂತಕ್ಕೊಂದು ಕಂತು ಬ್ಯಾಂಕ್ ಖಾತೆಗೆ. ಬಯಲು ಸೀಮೆಯಲ್ಲಿ ಪ್ರಧಾನಮಂತ್ರಿ ಆವಾಸ್‌ಗೆ ಗೊತ್ತುಮಾಡಿದ ಮೊತ್ತ 1.20 ಲಕ್ಷ ರೂಪಾಯಿ. ಜೊತೆಗೆ ಉದ್ಯೋಗ ಖಾತರಿಯ 90 ದಿನದ ಕೂಲಿ, ಶೌಚಾಲಯಕ್ಕೆ 12,000 ರೂಪಾಯಿ. ದಲಾಲರ ಕೈ ತಪ್ಪಿಸಿದ ಈ ಕ್ರಮ ದೊಡ್ಡ ಸುಧಾರಣೆಯೇ ಸರಿ. ಆದರೆ ಬುನಾದಿಯ ಫೋಟೊ ತೆಗೆಯಬೇಕಾದರೆ ಬುನಾದಿ ಅಗೆಯಲು ಸ್ವಂತ ಹೆಸರಿನ ಜಾಗ ಬೇಕು, ಅದಕ್ಕೆ ಪಂಚಾಯಿತಿಯ ಖಾತೆ ಬೇಕು. ಊರಲ್ಲಿ ಹಳೆಯ ಮಾಳಿಗೆ ಮನೆಯಿದ್ದು ಅದನ್ನು ಕೆಡವಿ ಕಟ್ಟುವವನು ಸುಲಭವಾಗಿ ಮುಂದಾಗುತ್ತಾನೆ. ಕಾಲುವೆಯ ಏರಿಯ ಮೇಲೆ ತಗಡಿನ ಶೆಡ್ ಹಾಕಿಕೊಂಡವನು ಪಟ್ಟಿಯಲ್ಲಿ ಹೆಸರಿದ್ದರೂ ಹೊರಗೇ ಉಳಿಯುತ್ತಾನೆ. ಜಾಗವಿಲ್ಲದವರಿಗೆ ಜಾಗ ಒದಗಿಸುವ ಹೊಣೆ ರಾಜ್ಯದ್ದೆಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಆದರೆ ಅದಕ್ಕಾಗಿ ಇಂದಿರಾ ಆವಾಸ್‌ನಡಿ 2009ರಲ್ಲಿ ಇಟ್ಟಿದ್ದ ಹಣ ನಿವೇಶನವೊಂದಕ್ಕೆ 10,000 ರೂಪಾಯಿ, ಆಮೇಲೆ 20,000. ನೀರಾವರಿ ಸೀಮೆಯ ಭೂಮಿಯ ಎದುರು ಆ ಮೊತ್ತ ಲೆಕ್ಕಕ್ಕೇ ಬರುವಂಥದ್ದಲ್ಲ.

ಇಲ್ಲಿ ಎದುರಾಗುವ ಮೊದಲ ಆಕ್ಷೇಪ: ನಿಜವಾದ ಕೊರತೆ ದುಡ್ಡಿನದು, ಸಹಾಯಧನ ಹೆಚ್ಚಿಸಿದರೆ ಉಳಿದದ್ದು ತಾನೇ ಸರಿಹೋಗುತ್ತದೆ. ಇದರಲ್ಲಿ ಹುರುಳಿದೆ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಗಟ್ಟಿ ನೆಲದಲ್ಲಿ ಸಾಕಾಗುವ ಬುನಾದಿ ಇಲ್ಲಿ ಸಾಲದು, ಆಳಕ್ಕೆ ಅಗೆದು ಮೊರಂ ತುಂಬಬೇಕು. ಎಲ್ಲ ಜಿಲ್ಲೆಗೂ ಒಂದೇ ಮೊತ್ತವೆಂದರೆ ಎರೆ ಸೀಮೆಯವನ ಹಣದಲ್ಲಿ ದೊಡ್ಡ ಪಾಲು ನೆಲದೊಳಗೇ ಹೋಗುತ್ತದೆ. ಆದ್ದರಿಂದ ಮೊತ್ತ ಹೆಚ್ಚಬೇಕು ಎಂಬುದು ಒಪ್ಪುವ ಮಾತು. ಆದರೆ ಹೆಚ್ಚಿದ ಮೊತ್ತವೂ ತಲುಪುವುದು ನಿವೇಶನ ಇದ್ದವನನ್ನೇ. ಇಲ್ಲದವನ ಮಟ್ಟಿಗೆ ಒಂದು ಲಕ್ಷವೂ ಒಂದೇ, ಮೂರು ಲಕ್ಷವೂ ಒಂದೇ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ನೀರಾವರಿ ಪ್ರದೇಶದಲ್ಲಿ ಸರ್ಕಾರಿ ಭೂಮಿ ಎಲ್ಲಿದೆ, ಕೊಳ್ಳಲು ಹಣ ಎಲ್ಲಿದೆ? ಲೆಕ್ಕ ಹಾಕಿ ನೋಡಬಹುದು. ಒಂದು ಎಕರೆಯೆಂದರೆ 43,560 ಚದರ ಅಡಿ. ಅರ್ಧವನ್ನು ರಸ್ತೆ, ಚರಂಡಿ, ಸಾರ್ವಜನಿಕ ಜಾಗಕ್ಕೆ ಬಿಟ್ಟರೂ 20 ಅಡಿಗೆ 30 ಅಡಿಯ 36 ನಿವೇಶನಗಳಾಗುತ್ತವೆ. ಎಕರೆಗೆ 30 ಲಕ್ಷ ರೂಪಾಯಿ ಕೊಟ್ಟು ಕೊಂಡರೆಂದೇ ಇಟ್ಟುಕೊಂಡರೂ ಕುಟುಂಬವೊಂದಕ್ಕೆ ಬೀಳುವುದು ಸುಮಾರು 83,000 ರೂಪಾಯಿ, ಅಂದರೆ ಮನೆಗೆ ಕೊಡುವ ಸಹಾಯಧನಕ್ಕಿಂತ ಕಡಿಮೆ. ಭೂಮಿ ದುಬಾರಿ ಎನ್ನುವುದು ಎಕರೆಯ ಲೆಕ್ಕದಲ್ಲಿ ನಿಜ, ಮನೆಯ ಲೆಕ್ಕದಲ್ಲಿ ಅಷ್ಟು ನಿಜವಲ್ಲ. ಅಗ್ಗದ ಭೂಮಿ ಹುಡುಕಿಕೊಂಡು ದೂರ ಹೋದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿಯಿದೆ. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ದಾನಿಗಳ ನೆರವಿನಿಂದ ‘ಆಸರೆ’ ಮನೆಗಳು ಎದ್ದವು. ಹೊಲ, ದನ, ಕೂಲಿಯಿಂದ ದೂರವಾದ ಕಡೆ ಹಲವು ಮನೆಗಳು ಖಾಲಿ ಬಿದ್ದವು, ಜನ ಹಳೇ ಊರಿಗೇ ಮರಳಿದರು. ದುಡಿಮೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಇಲ್ಲದ ಜಾಗ ಎಷ್ಟು ಅಗ್ಗವಾಗಿ ಸಿಕ್ಕರೂ ದಂಡವೇ.

ಮೂರನೆಯ ಮಾತು ಕಚೇರಿಗಳಲ್ಲೂ ಕಟ್ಟೆಗಳಲ್ಲೂ ಕೇಳಿಬರುವಂಥದ್ದು: ಕೊಟ್ಟ ಪ್ಲಾಟನ್ನು ಮಾರಿಕೊಳ್ಳುತ್ತಾರೆ, ಒತ್ತುವರಿಗೆ ಹಕ್ಕುಪತ್ರ ಕೊಟ್ಟರೆ ಇನ್ನಷ್ಟು ಒತ್ತುವರಿಯಾಗುತ್ತದೆ. ಮಾರುವವರಿದ್ದಾರೆ. ಆಸ್ಪತ್ರೆಯ ಖರ್ಚಿಗೋ ಮಗಳ ಮದುವೆಗೋ ಹೊಲ ಮಾರುವ ರೈತನೂ ಇದ್ದಾನೆ. ಅದಕ್ಕಾಗಿ ರೈತನಿಗೆ ಹೊಲ ಇರಬಾರದೆಂದು ಯಾರೂ ವಾದಿಸುವುದಿಲ್ಲ. ಹಕ್ಕುಪತ್ರವನ್ನು ಮನೆಯ ಹೆಣ್ಣುಮಗಳ ಹೆಸರಿಗೆ ಕೊಡುವುದು, ಕೆಲವು ವರ್ಷ ಪರಭಾರೆಗೆ ತಡೆ ಹಾಕುವುದು ಈ ಅಪಾಯಕ್ಕೆ ಗೊತ್ತಿರುವ ಮದ್ದು. ಒತ್ತುವರಿಯ ವಿಷಯದಲ್ಲಿ ರಾಜ್ಯವೇ ತನ್ನ ನಿಲುವು ಬದಲಿಸಿದೆ. ಭೂಸುಧಾರಣಾ ಕಾಯ್ದೆಗೆ ಸೇರಿದ 38ಎ ಕಲಮು ದಾಖಲೆಯಿಲ್ಲದ ಜನವಸತಿಗಳ ಮನೆಗಳಿಗೆ ಒಡೆತನ ಕೊಡುತ್ತದೆ; ಲಂಬಾಣಿ ತಾಂಡಾ, ಗೊಲ್ಲರಹಟ್ಟಿಗಳ ಸಾಲಿನಲ್ಲಿ ಕ್ಯಾಂಪ್, ಕಾಲೊನಿಗಳೂ ಸೇರಿವೆ. 2023ರ ಜನವರಿಯಲ್ಲಿ ಮಳಖೇಡದ ಸಮಾರಂಭದಲ್ಲಿ ರಾಯಚೂರು ಸೇರಿ ಐದು ಜಿಲ್ಲೆಗಳ ಸುಮಾರು 50,000 ತಾಂಡಾ ನಿವಾಸಿ ಕುಟುಂಬಗಳಿಗೆ ಹಕ್ಕುಪತ್ರ ಸಿಕ್ಕಿತು. ತಲೆಮಾರುಗಳಿಂದ ಇದ್ದ ಊರನ್ನು ಊರೆಂದು ಬರೆದುಕೊಳ್ಳಲು ಸರ್ಕಾರಕ್ಕೆ ಇಷ್ಟು ಕಾಲ ಬೇಕಾಯಿತು. ಬರೆದುಕೊಂಡ ಮೇಲೆ ಆ ಕುಟುಂಬ ಮನೆಯ ಸಹಾಯಧನಕ್ಕೂ ಬ್ಯಾಂಕ್ ಸಾಲಕ್ಕೂ ಅರ್ಜಿ ಹಾಕಬಹುದು.

ಇಷ್ಟಾದರೂ 38ಎ ಬಗೆಹರಿಸುವುದು ಈಗಾಗಲೇ ಎಲ್ಲೋ ಒಂದೆಡೆ ನೆಲೆ ನಿಂತವರ ಸಮಸ್ಯೆಯನ್ನು ಮಾತ್ರ. ಲಿಂಗಸುಗೂರು, ಮಸ್ಕಿಯ ಒಣ ಹಳ್ಳಿಗಳಿಂದ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸದಲ್ಲಿ ಶೆಡ್ಡಿನಲ್ಲಿ ಮಲಗುವವರು, ಸಿಂಧನೂರು ನಗರದಲ್ಲಿ ಬಾಡಿಗೆ ಕೋಣೆಯಲ್ಲಿರುವ ಗಿರಣಿ ಹಮಾಲರು, ಒಂದೇ ಮನೆಯಲ್ಲಿ ಮೂರು ಸಂಸಾರ ನಡೆಸುವ ಅಣ್ಣತಮ್ಮಂದಿರು ಆ ಕಲಮಿನ ಹೊರಗೇ ಇದ್ದಾರೆ. ಅವರಿಗಾಗಿ ಹೊಸ ಹೆಸರಿನ ಮತ್ತೊಂದು ಮನೆ ಯೋಜನೆ ಬೇಕಾಗಿಲ್ಲ. ಪ್ರತಿ ಪಂಚಾಯಿತಿ ತನ್ನ ನಿವೇಶನರಹಿತರ ಪಟ್ಟಿಯ ಪಕ್ಕದಲ್ಲಿ ಕೊಳ್ಳಬೇಕಾದ ಎಕರೆಯ ಲೆಕ್ಕವನ್ನೂ ಬರೆಯಬೇಕು. ಬಜೆಟ್ಟಿನಲ್ಲಿ ಭೂಮಿಯ ಹಣಕ್ಕೆ ಕಟ್ಟಡದ ಹಣಕ್ಕಿಂತ ಮೊದಲ ಸಾಲು ಸಿಗಬೇಕು. ನಿರಾಶ್ರಿತರಿಗೆ ನಿವೇಶನವನ್ನೂ ಭೂಮಿಯನ್ನೂ ಒಟ್ಟಿಗೆ ಕೊಡಬಲ್ಲ ಆಡಳಿತ ಈ ತಾಲ್ಲೂಕಿನಲ್ಲೇ ಐವತ್ತು ವರ್ಷದ ಹಿಂದೆ ಇತ್ತು. ಅದೇ ನೆಲದಲ್ಲಿ ನಾಟಿ ಮಾಡುವವರಿಗೆ ಆರುನೂರು ಚದರ ಅಡಿ ಕೊಡಲಾಗದು ಎಂಬ ವಾದಕ್ಕೆ ಇಲ್ಲಿನ ಚರಿತ್ರೆಯ ಬೆಂಬಲವಿಲ್ಲ.