ಅನೇಕ ಸರ್ವರ್‌ಗಳಲ್ಲಿ ಏಕಕಾಲಿಕ ಆದೇಶ ಚಾಲನೆ

ಅನೇಕ ಸರ್ವರ್‌ಗಳಲ್ಲಿ ಏಕಕಾಲಿಕ ಆದೇಶ ಚಾಲನೆ ಎಂಬುದು ಒಂದು ಗಣಕಯಂತ್ರದಿಂದ ನೀಡಿದ ಒಂದೇ ಆದೇಶವನ್ನು, ಅಂದರೆ ಕಮಾಂಡನ್ನು, ಜಾಲದ ಮೂಲಕ ಹತ್ತಾರು, ನೂರಾರು ಅಥವಾ ಸಾವಿರಾರು ಸರ್ವರ್‌ಗಳಿಗೆ ಒಟ್ಟಿಗೆ ತಲುಪಿಸಿ, ಅಲ್ಲಿ ನಡೆಸಿ, ಪ್ರತಿಯೊಂದರ ಫಲಿತಾಂಶವನ್ನೂ ಒಂದೆಡೆ ಸಂಗ್ರಹಿಸುವ ವಿಧಾನವಾಗಿದೆ. ಇದನ್ನು ಸಮಾಂತರ ದೂರ ಆದೇಶ ಚಾಲನೆ ಎಂದೂ ಕರೆಯಬಹುದು. ಸರ್ವರ್‌ಗಳ ಸ್ಥಿತಿಯನ್ನು ಪರಿಶೀಲಿಸುವುದು, ತಂತ್ರಾಂಶವನ್ನು ನವೀಕರಿಸುವುದು, ಸೇವೆಗಳನ್ನು ಮರುಪ್ರಾರಂಭಿಸುವುದು, ಕಡತಗಳನ್ನು ಹಂಚುವುದು ಮೊದಲಾದ ಕೆಲಸಗಳಿಗೆ ವ್ಯವಸ್ಥಾ ನಿರ್ವಾಹಕರು ಇದನ್ನು ಬಳಸುತ್ತಾರೆ.

ಈ ವಿಧಾನವು ಶ್ರಮವನ್ನು ಉಳಿಸುವಷ್ಟೇ ವೇಗವಾಗಿ ತಪ್ಪನ್ನೂ ಹರಡಬಲ್ಲದು. ಆದೇಶವನ್ನು ಕಳುಹಿಸುವುದು ಇದರಲ್ಲಿ ಸುಲಭವಾದ ಭಾಗ. ಅದು ಯಾವ ಸರ್ವರ್‌ಗಳಿಗೆ ಹೋಗಬೇಕೆಂಬುದನ್ನು ಸರಿಯಾಗಿ ನಿರ್ಧರಿಸುವುದು ಮತ್ತು ಪ್ರತಿಯೊಂದರಲ್ಲಿಯೂ ಏನಾಯಿತೆಂಬುದನ್ನು ಖಚಿತಪಡಿಸಿಕೊಳ್ಳುವುದು ಕಠಿಣವಾದ ಭಾಗ.

ಇತಿಹಾಸ

ಯುನಿಕ್ಸ್ ಗಣಕಗಳಲ್ಲಿ ದೂರದ ಯಂತ್ರದ ಮೇಲೆ ಆದೇಶವನ್ನು ನಡೆಸುವ ಸೌಲಭ್ಯವು 1983ರಲ್ಲಿ ಬಿಡುಗಡೆಯಾದ 4.2ಬಿಎಸ್‌ಡಿ ಕಾರ್ಯಾಚರಣ ವ್ಯವಸ್ಥೆಯ ಆರ್‌ಎಸ್‌ಎಚ್ ಎಂಬ ಆದೇಶದ ಮೂಲಕ ಪ್ರಚಾರಕ್ಕೆ ಬಂದಿತು. ಆರ್‌ಎಸ್‌ಎಚ್ ಸಂಪರ್ಕದಲ್ಲಿ ಮಾಹಿತಿಯು ಗೂಢಲಿಪೀಕರಣವಿಲ್ಲದೆ ಸಾಗುತ್ತಿತ್ತು. ಸಂಪರ್ಕಿಸುವ ಯಂತ್ರದ ಹೆಸರನ್ನೇ ನಂಬಿ ಪ್ರವೇಶ ನೀಡುವ ಪದ್ಧತಿಯೂ ಅದರಲ್ಲಿತ್ತು. ಹೀಗಾಗಿ ಜಾಲವನ್ನು ಕದ್ದಾಲಿಸಬಲ್ಲವರಿಗೆ ಅದು ಸುಲಭದ ಗುರಿಯಾಗಿತ್ತು.

1995ರಲ್ಲಿ ಫಿನ್‌ಲೆಂಡ್‌ನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್‌ಗಳ ಕಳವು ನಡೆದ ಬಳಿಕ, ಅಲ್ಲಿನ ಸಂಶೋಧಕ ಟಾಟು ಯ್ಲೋನೆನ್ ಅವರು ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕ ವಿಧಾನವನ್ನು ರೂಪಿಸಿದರು. 1999ರಲ್ಲಿ ಓಪನ್‌ಬಿಎಸ್‌ಡಿ ಯೋಜನೆಯು ಓಪನ್‌ಎಸ್‌ಎಸ್‌ಎಚ್ ಎಂಬ ಮುಕ್ತ ಆವೃತ್ತಿಯನ್ನು ಹೊರತಂದಿತು. ಎಸ್‌ಎಸ್‌ಎಚ್‌ನ ಎರಡನೆಯ ಆವೃತ್ತಿಯು 2006ರಲ್ಲಿ ಅಂತರಜಾಲದ ಶಿಷ್ಟತೆಯಾಗಿ ಪ್ರಕಟವಾಯಿತು. ಇಂದಿನ ಹಲವು ಸಮಾಂತರ ಸಾಧನಗಳು ಇದನ್ನೇ ಆಧರಿಸಿವೆ.

ಒಂದೇ ಆದೇಶವನ್ನು ಅನೇಕ ಯಂತ್ರಗಳಿಗೆ ಕಳುಹಿಸುವ ಅಗತ್ಯವು ಬೃಹತ್ ಗಣನಾ ಕೇಂದ್ರಗಳಲ್ಲಿ ಮೊದಲೇ ಕಾಣಿಸಿಕೊಂಡಿತು. ಐಬಿಎಂ ಸಂಸ್ಥೆಯ ಎಸ್‌ಪಿ ಸರಣಿಯ ಸೂಪರ್‌ಕಂಪ್ಯೂಟರ್‌ಗಳಲ್ಲಿ ಇದಕ್ಕಾಗಿ ಡಿಎಸ್‌ಎಚ್ ಎಂಬ ಆದೇಶವಿತ್ತು. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಜಿಮ್ ಗಾರ್ಲಿಕ್ ಅವರು ಅದನ್ನು ಹೊಸದಾಗಿ ಬರೆದು ಪಿಡಿಎಸ್‌ಎಚ್ ಎಂಬ ಸಾಧನವನ್ನು ರೂಪಿಸಿದರು. 2011ರಲ್ಲಿ ಸಾಲ್ಟ್ ಮತ್ತು 2012ರಲ್ಲಿ ಆನ್ಸಿಬಲ್ ಬಿಡುಗಡೆಯಾದ ಮೇಲೆ ಈ ವಿಧಾನವು ಸಂಶೋಧನಾ ಕೇಂದ್ರಗಳಾಚೆಗೂ ವ್ಯಾಪಕವಾಗಿ ಬಳಕೆಗೆ ಬಂದಿತು.

ಕಾರ್ಯವಿಧಾನ

ಸಾಧನ ಯಾವುದೇ ಆಗಿರಲಿ, ಆದೇಶ ಚಾಲನೆಯು ಸಾಮಾನ್ಯವಾಗಿ ನಾಲ್ಕು ಹಂತಗಳಲ್ಲಿ ನಡೆಯುತ್ತದೆ: ಗುರಿ ಸರ್ವರ್‌ಗಳ ಪಟ್ಟಿಯನ್ನು ಸಿದ್ಧಪಡಿಸುವುದು, ಪ್ರತಿಯೊಂದರೊಡನೆ ಸಂಪರ್ಕ ಸಾಧಿಸಿ ಗುರುತನ್ನು ದೃಢಪಡಿಸುವುದು, ಆದೇಶವನ್ನು ನಡೆಸುವುದು ಮತ್ತು ಫಲಿತಾಂಶವನ್ನು ಸಂಗ್ರಹಿಸುವುದು.

ಸಮಾಂತರತೆಯ ಮಿತಿ

ಒಂದು ಸರ್ವರ್‌ನಲ್ಲಿ ಆದೇಶ ಮುಗಿಯಲು 3 ಸೆಕೆಂಡು ಬೇಕೆಂದು ಭಾವಿಸೋಣ. 600 ಸರ್ವರ್‌ಗಳಲ್ಲಿ ಒಂದಾದ ಮೇಲೊಂದರಂತೆ ನಡೆಸಿದರೆ 1800 ಸೆಕೆಂಡು, ಅಂದರೆ ಅರ್ಧ ಗಂಟೆ ಹಿಡಿಯುತ್ತದೆ. ಒಮ್ಮೆಗೆ 60 ಸರ್ವರ್‌ಗಳಂತೆ ನಡೆಸಿದರೆ ಅದೇ ಕೆಲಸವು ಸುಮಾರು 30 ಸೆಕೆಂಡುಗಳಲ್ಲಿ ಮುಗಿಯುತ್ತದೆ.

ಒಮ್ಮೆಗೆ ಎಷ್ಟು ಸಂಪರ್ಕಗಳು ತೆರೆದಿರಬಹುದು ಎಂಬ ಮಿತಿಯನ್ನು ಫ್ಯಾನ್‌ಔಟ್ ಎನ್ನುತ್ತಾರೆ. ಪಿಡಿಎಸ್‌ಎಚ್‌ನಲ್ಲಿ ಪೂರ್ವನಿಗದಿತ ಮಿತಿ 32. ಆನ್ಸಿಬಲ್‌ನಲ್ಲಿ ಇದನ್ನು ಫೋರ್ಕ್ಸ್ ಎಂದು ಕರೆಯುತ್ತಾರೆ ಮತ್ತು ಅದರ ಪೂರ್ವನಿಗದಿತ ಮೌಲ್ಯ 5. ಬಳಕೆದಾರರು ಇವನ್ನು ಬದಲಾಯಿಸಬಹುದು. ಪ್ರತಿ ಸಂಪರ್ಕವೂ ನಿಯಂತ್ರಕ ಯಂತ್ರದ ಸ್ಮೃತಿಯನ್ನೂ ಗೂಢಲಿಪೀಕರಣಕ್ಕೆ ಬೇಕಾದ ಸಂಸ್ಕರಣಾ ಸಮಯವನ್ನೂ ಬಳಸುವುದರಿಂದ ಇಂತಹ ಮಿತಿ ಅಗತ್ಯ. ಗುರಿ ಯಂತ್ರಗಳು ಅವಲಂಬಿಸಿರುವ ಇತರ ಸೇವೆಗಳ ಮೇಲೂ ಹೊರೆ ಬೀಳುತ್ತದೆ. ಉದಾಹರಣೆಗೆ, 600 ಸರ್ವರ್‌ಗಳು ಒಂದೇ ಕ್ಷಣದಲ್ಲಿ ಒಂದೇ ಭಂಡಾರದಿಂದ ತಂತ್ರಾಂಶವನ್ನು ಇಳಿಸಿಕೊಳ್ಳಲು ತೊಡಗಿದರೆ ಆ ಭಂಡಾರವೇ ಸ್ಥಗಿತಗೊಳ್ಳಬಹುದು.

ಉತ್ತರಿಸದ ಸರ್ವರ್ ಒಂದು ಸ್ಥಾನವನ್ನು ಹಿಡಿದಿಟ್ಟುಕೊಳ್ಳುವುದರಿಂದ ಕಾಲಮಿತಿಯನ್ನು ನಿಗದಿಪಡಿಸುವುದು ವಾಡಿಕೆ. ಯಂತ್ರಗಳ ಸಂಖ್ಯೆ ಬಹಳ ದೊಡ್ಡದಾದಾಗ, ಮೊದಲು ಕೆಲವು ಮಧ್ಯವರ್ತಿ ಯಂತ್ರಗಳಿಗೆ ಆದೇಶ ನೀಡಿ, ಅವು ತಮ್ಮ ಕೆಳಗಿನ ಯಂತ್ರಗಳಿಗೆ ಅದನ್ನು ದಾಟಿಸುವ ವೃಕ್ಷ ಮಾದರಿಯನ್ನು ಅನುಸರಿಸಲಾಗುತ್ತದೆ. ಕ್ಲಸ್ಟರ್‌ಶೆಲ್ ಈ ಮಾದರಿಯನ್ನು ಬೆಂಬಲಿಸುತ್ತದೆ.

ಫಲಿತಾಂಶಗಳ ಸಂಗ್ರಹ

ನೂರಾರು ಸರ್ವರ್‌ಗಳ ಉತ್ತರಗಳು ಒಂದೇ ಪರದೆಗೆ ಬಂದಾಗ ಸಾಲುಗಳು ಬೆರೆತುಹೋಗುತ್ತವೆ. ಆದ್ದರಿಂದ ಹೆಚ್ಚಿನ ಸಾಧನಗಳು ಪ್ರತಿ ಸಾಲಿನ ಮುಂದೆ ಸರ್ವರ್‌ನ ಹೆಸರನ್ನು ಸೇರಿಸುತ್ತವೆ. ಪಿಡಿಎಸ್‌ಎಚ್ ಜೊತೆಗೆ ಬರುವ ಡಿಎಸ್‌ಎಚ್‌ಬ್ಯಾಕ್ ಎಂಬ ಉಪಸಾಧನವು ಒಂದೇ ರೀತಿಯ ಉತ್ತರ ನೀಡಿದ ಸರ್ವರ್‌ಗಳನ್ನು ಒಂದು ಗುಂಪಾಗಿ ತೋರಿಸಬಲ್ಲದು. 40 ಸರ್ವರ್‌ಗಳಲ್ಲಿ 39 ಒಂದೇ ಕರ್ನೆಲ್ ಆವೃತ್ತಿಯನ್ನು ಹೊಂದಿದ್ದು ಒಂದು ಮಾತ್ರ ಬೇರೆಯಾಗಿದ್ದರೆ, ಆ ಒಂದು ಸರ್ವರ್ ಪ್ರತ್ಯೇಕವಾಗಿ ಎದ್ದು ಕಾಣುತ್ತದೆ.

ಪ್ರತಿ ಆದೇಶವೂ ಮುಗಿಯುವಾಗ ಒಂದು ನಿರ್ಗಮನ ಸಂಕೇತವನ್ನು ನೀಡುತ್ತದೆ. 0 ಎಂದರೆ ಯಶಸ್ಸು, ಬೇರೆ ಸಂಖ್ಯೆಗಳು ಸಾಮಾನ್ಯವಾಗಿ ವೈಫಲ್ಯವನ್ನು ಸೂಚಿಸುತ್ತವೆ. ಓಪನ್‌ಎಸ್‌ಎಸ್‌ಎಚ್‌ನ ಸಂಪರ್ಕವೇ ವಿಫಲವಾದರೆ 255 ಎಂಬ ಸಂಕೇತ ಬರುತ್ತದೆ. ಯಶಸ್ಸು ಮತ್ತು ವೈಫಲ್ಯಗಳ ಜೊತೆಗೆ ಮೂರನೆಯ ಸಾಧ್ಯತೆಯೊಂದಿದೆ: ನಡುವೆ ಸಂಪರ್ಕ ಕಡಿದುಹೋದರೆ ಆದೇಶವು ಪೂರ್ಣಗೊಂಡಿತೇ ಇಲ್ಲವೇ ಎಂಬುದು ನಿಯಂತ್ರಕ ಯಂತ್ರಕ್ಕೆ ತಿಳಿಯುವುದಿಲ್ಲ. ಅಂತಹ ಸ್ಥಿತಿಯಲ್ಲಿ ಅದೇ ಆದೇಶವನ್ನು ಮತ್ತೊಮ್ಮೆ ನಡೆಸಿದರೂ ಹಾನಿಯಾಗದಂತೆ ಅದನ್ನು ರಚಿಸಿರಬೇಕು. 'ಕಡತದ ಕೊನೆಗೆ ಈ ಸಾಲನ್ನು ಸೇರಿಸು' ಎಂಬ ಆದೇಶವನ್ನು ಎರಡು ಬಾರಿ ನಡೆಸಿದರೆ ಸಾಲು ಎರಡು ಬಾರಿ ಸೇರುತ್ತದೆ. 'ಈ ಸಾಲು ಕಡತದಲ್ಲಿ ಇರದಿದ್ದರೆ ಮಾತ್ರ ಸೇರಿಸು' ಎಂಬ ಆದೇಶವನ್ನು ಎಷ್ಟು ಬಾರಿ ನಡೆಸಿದರೂ ಫಲ ಒಂದೇ. ಈ ಗುಣವನ್ನು ಐಡೆಂಪೊಟೆನ್ಸ್ ಎನ್ನುತ್ತಾರೆ.

ಪ್ರಮುಖ ಸಾಧನಗಳು

- ಪಿಡಿಎಸ್‌ಎಚ್: ಸೂಪರ್‌ಕಂಪ್ಯೂಟರ್ ಕೇಂದ್ರಗಳಲ್ಲಿ ಬಳಕೆಯಲ್ಲಿರುವ ಸಾಧನ. ಸರ್ವರ್‌ಗಳ ಹೆಸರುಗಳನ್ನು ಸಂಖ್ಯಾ ವ್ಯಾಪ್ತಿಯ ರೂಪದಲ್ಲಿ ಸಂಕ್ಷಿಪ್ತವಾಗಿ ಬರೆಯಬಹುದು.
- ಕ್ಲಸ್ಟರ್‌ಶೆಲ್: ಫ್ರಾನ್ಸ್‌ನ ಪರಮಾಣು ಶಕ್ತಿ ಸಂಸ್ಥೆಯಾದ ಸಿಇಎಯಲ್ಲಿ ರೂಪುಗೊಂಡ ಪೈಥಾನ್ ಗ್ರಂಥಾಲಯ. ಕ್ಲಶ್ ಎಂಬ ಆದೇಶವು ಇದರ ಭಾಗವಾಗಿದೆ.
- ಕ್ಲಸ್ಟರ್‌ಎಸ್‌ಎಸ್‌ಎಚ್: ಪ್ರತಿ ಸರ್ವರ್‌ಗೂ ಒಂದೊಂದು ಕಿಟಕಿಯನ್ನು ತೆರೆದು, ಒಂದೆಡೆ ಟೈಪ್ ಮಾಡಿದ್ದನ್ನು ಎಲ್ಲ ಕಿಟಕಿಗಳಿಗೂ ಕಳುಹಿಸುತ್ತದೆ. ಕೆಲವೇ ಸರ್ವರ್‌ಗಳಿದ್ದಾಗ ಉಪಯುಕ್ತ.
- ಆನ್ಸಿಬಲ್: ಮೈಕೆಲ್ ಡಿಹಾನ್ ಅವರು ಆರಂಭಿಸಿದ ಯೋಜನೆ. 2015ರಲ್ಲಿ ರೆಡ್ ಹ್ಯಾಟ್ ಸಂಸ್ಥೆಯು ಇದನ್ನು ಖರೀದಿಸಿತು. ಗುರಿ ಸರ್ವರ್‌ಗಳಲ್ಲಿ ಪ್ರತ್ಯೇಕ ನಿಯೋಗಿ ತಂತ್ರಾಂಶ ಬೇಕಿಲ್ಲ. ಎಸ್‌ಎಸ್‌ಎಚ್ ಪ್ರವೇಶವಿದ್ದು, ಪೈಥಾನ್ ಇದ್ದರೆ ಬಹುತೇಕ ಕೆಲಸಗಳು ನಡೆಯುತ್ತವೆ.
- ಸಾಲ್ಟ್: ಥಾಮಸ್ ಹ್ಯಾಚ್ ಅವರು ರೂಪಿಸಿದ ವ್ಯವಸ್ಥೆ. ಗುರಿ ಸರ್ವರ್‌ಗಳಲ್ಲಿ 'ಮಿನಿಯನ್' ಎಂಬ ನಿಯೋಗಿ ತಂತ್ರಾಂಶವಿದ್ದು, ಅದು 'ಮಾಸ್ಟರ್' ಯಂತ್ರದೊಡನೆ ಸದಾ ಸಂಪರ್ಕದಲ್ಲಿರುತ್ತದೆ. ಪ್ರತಿ ಬಾರಿ ಹೊಸ ಎಸ್‌ಎಸ್‌ಎಚ್ ಸಂಪರ್ಕವನ್ನು ತೆರೆಯಬೇಕಿಲ್ಲದ ಕಾರಣ ಆದೇಶಗಳು ಶೀಘ್ರವಾಗಿ ತಲುಪುತ್ತವೆ.

ಪ್ರಸಿದ್ಧ ಅವಘಡಗಳು

ಪಟ್ಟಿಯಲ್ಲಿ ಇರಬೇಕಾದುದಕ್ಕಿಂತ ಹೆಚ್ಚು ಸರ್ವರ್‌ಗಳು ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಅಮೆಜಾನ್‌ನ ಎಸ್3 ಸಂಗ್ರಹಣಾ ಸೇವೆಯಲ್ಲಿ 2017ರ ಫೆಬ್ರವರಿ 28ರಂದು ಉಂಟಾದ ವ್ಯತ್ಯಯವು ಉದಾಹರಣೆ. ಉತ್ತರ ವರ್ಜೀನಿಯಾ ವಲಯದಲ್ಲಿ ಕೆಲವೇ ಸರ್ವರ್‌ಗಳನ್ನು ಸೇವೆಯಿಂದ ತೆಗೆಯಲು ಅಧಿಕೃತ ಸಿಬ್ಬಂದಿಯೊಬ್ಬರು ನಿಗದಿತ ಕ್ರಮದಂತೆಯೇ ಆದೇಶ ನೀಡಿದರು. ಆದರೆ ಆದೇಶದ ಒಂದು ಅಂಶವು ತಪ್ಪಾಗಿ ನಮೂದಾದುದರಿಂದ ಉದ್ದೇಶಿಸಿದ್ದಕ್ಕಿಂತ ಬಹಳ ಹೆಚ್ಚು ಸರ್ವರ್‌ಗಳು ಹೊರಬಿದ್ದವು. ಎರಡು ಮುಖ್ಯ ಉಪವ್ಯವಸ್ಥೆಗಳನ್ನು ಪೂರ್ಣವಾಗಿ ಮರುಪ್ರಾರಂಭಿಸಬೇಕಾಯಿತು. ಸೇವೆಯು ಸಂಪೂರ್ಣವಾಗಿ ಚೇತರಿಸಿಕೊಳ್ಳಲು ನಾಲ್ಕು ಗಂಟೆಗಳಿಗೂ ಹೆಚ್ಚು ಕಾಲ ಹಿಡಿಯಿತು. ಇದಾದ ಬಳಿಕ ಸಂಸ್ಥೆಯು ಸರ್ವರ್‌ಗಳನ್ನು ನಿಧಾನವಾಗಿ ಮಾತ್ರ ತೆಗೆಯುವಂತೆಯೂ, ಕನಿಷ್ಠ ಸಾಮರ್ಥ್ಯಕ್ಕಿಂತ ಕೆಳಗಿಳಿಯುವ ಆದೇಶವನ್ನು ತಡೆಯುವಂತೆಯೂ ತನ್ನ ಸಾಧನವನ್ನು ಮಾರ್ಪಡಿಸಿತು.

ಒಂದು ಸರ್ವರ್ ಬಿಟ್ಟುಹೋದರೂ ಹಾನಿ ಅಷ್ಟೇ ದೊಡ್ಡದಾಗಬಹುದು. ಅಮೆರಿಕದ ಷೇರು ವ್ಯವಹಾರ ಸಂಸ್ಥೆ ನೈಟ್ ಕ್ಯಾಪಿಟಲ್ ತನ್ನ 8 ಸರ್ವರ್‌ಗಳಿಗೆ ಹೊಸ ತಂತ್ರಾಂಶವನ್ನು ಅಳವಡಿಸುವಾಗ ಒಂದು ಸರ್ವರ್‌ಗೆ ಅದು ತಲುಪಲಿಲ್ಲ. ಅಳವಡಿಕೆಯನ್ನು ಎರಡನೆಯವರೊಬ್ಬರು ಪರಿಶೀಲಿಸಬೇಕೆಂಬ ಲಿಖಿತ ನಿಯಮವೂ ಅಲ್ಲಿರಲಿಲ್ಲ. 2012ರ ಆಗಸ್ಟ್ 1ರಂದು ಮಾರುಕಟ್ಟೆ ತೆರೆದಾಗ, ಆ ಸರ್ವರ್‌ನಲ್ಲಿ ಉಳಿದಿದ್ದ ಹಳೆಯ ಸಂಕೇತವು ಚಾಲನೆಗೊಂಡು ಅನಗತ್ಯ ಬೇಡಿಕೆಗಳನ್ನು ಎಡೆಬಿಡದೆ ಕಳುಹಿಸತೊಡಗಿತು. ತೊಂದರೆಯ ಮೂಲ ತಿಳಿಯದೆ ಉಳಿದ ಏಳು ಸರ್ವರ್‌ಗಳಿಂದ ಹೊಸ ತಂತ್ರಾಂಶವನ್ನು ತೆಗೆದುಹಾಕಿದಾಗ ಪರಿಸ್ಥಿತಿಯು ಮತ್ತಷ್ಟು ಹದಗೆಟ್ಟಿತು. ಸುಮಾರು 45 ನಿಮಿಷಗಳಲ್ಲಿ ನಡೆದ ಈ ವ್ಯವಹಾರಗಳಿಂದ ಸಂಸ್ಥೆಗೆ 44 ಕೋಟಿ ಡಾಲರ್‌ಗಳಿಗೂ ಹೆಚ್ಚು ನಷ್ಟವಾಯಿತು.

ಮೂರನೆಯ ಬಗೆಯ ಅಪಾಯವೆಂದರೆ ನಿಯಂತ್ರಕ ಯಂತ್ರವೇ ಪರರ ವಶವಾಗುವುದು. 2020ರಲ್ಲಿ ಸಾಲ್ಟ್ ವ್ಯವಸ್ಥೆಯಲ್ಲಿ ಪತ್ತೆಯಾದ ದೋಷವೊಂದರಿಂದ, ಅಂತರಜಾಲಕ್ಕೆ ತೆರೆದುಕೊಂಡಿದ್ದ ಮಾಸ್ಟರ್ ಯಂತ್ರಗಳ ಮೂಲಕ ಗುರುತಿನ ಪರಿಶೀಲನೆಯಿಲ್ಲದೆಯೇ ಎಲ್ಲ ಮಿನಿಯನ್‌ಗಳಿಗೆ ಆದೇಶ ನೀಡಲು ಸಾಧ್ಯವಿತ್ತು. ಏಪ್ರಿಲ್ ಅಂತ್ಯದಲ್ಲಿ ಪರಿಹಾರವು ಬಿಡುಗಡೆಯಾಯಿತಾದರೂ, ಮೇ ತಿಂಗಳ ಮೊದಲ ದಿನಗಳಲ್ಲಿಯೇ ಲಿನಿಯೇಜ್‌ಓಎಸ್ ಮತ್ತು ಘೋಸ್ಟ್ ಯೋಜನೆಗಳ ಸರ್ವರ್‌ಗಳು ಈ ದೋಷದ ಮೂಲಕ ದಾಳಿಗೊಳಗಾದವು.

ಸುರಕ್ಷತಾ ಕ್ರಮಗಳು

- ಆದೇಶವನ್ನು ನಡೆಸುವ ಮೊದಲು ಗುರಿ ಸರ್ವರ್‌ಗಳ ಹೆಸರುಗಳನ್ನೂ ಒಟ್ಟು ಸಂಖ್ಯೆಯನ್ನೂ ಮುದ್ರಿಸಿ ನೋಡಬೇಕು.
- ಏನನ್ನೂ ಬದಲಾಯಿಸದ, ಕೇವಲ ಓದುವ ಆದೇಶದಿಂದ ಸಂಪರ್ಕವನ್ನು ಪರೀಕ್ಷಿಸಬೇಕು. ಬಳಿಕ ಒಂದು ಸರ್ವರ್, ಆಮೇಲೆ ಸಣ್ಣ ಗುಂಪು, ಕೊನೆಗೆ ಉಳಿದವು ಎಂಬ ಕ್ರಮದಲ್ಲಿ ಮುಂದುವರಿಯಬೇಕು.
- ನಿಗದಿತ ಪ್ರಮಾಣಕ್ಕಿಂತ ಹೆಚ್ಚು ಸರ್ವರ್‌ಗಳಲ್ಲಿ ವೈಫಲ್ಯ ಕಂಡುಬಂದರೆ ಕೆಲಸವು ತಾನಾಗಿಯೇ ನಿಲ್ಲುವಂತಿರಬೇಕು. ಆನ್ಸಿಬಲ್‌ನಲ್ಲಿ ಗುಂಪಿನ ಗಾತ್ರವನ್ನೂ ವೈಫಲ್ಯದ ಶೇಕಡಾ ಮಿತಿಯನ್ನೂ ನಿಗದಿಪಡಿಸಬಹುದು.
- ನಕ್ಷತ್ರ ಚಿಹ್ನೆ ಅಥವಾ ಡಾಲರ್ ಚಿಹ್ನೆಯಿರುವ ಆದೇಶಗಳಲ್ಲಿ ಉದ್ಧರಣ ಚಿಹ್ನೆಗಳನ್ನು ಗಮನಿಸಬೇಕು. ಅವು ತಪ್ಪಿದರೆ, ದೂರದ ಸರ್ವರ್‌ನಲ್ಲಿ ವಿಸ್ತರಣೆಗೊಳ್ಳಬೇಕಾದ ಹೆಸರುಗಳು ನಿಯಂತ್ರಕ ಯಂತ್ರದಲ್ಲಿಯೇ ವಿಸ್ತರಣೆಗೊಂಡು ಆದೇಶದ ಅರ್ಥವೇ ಬದಲಾಗುತ್ತದೆ.
- ಎಲ್ಲ ಸರ್ವರ್‌ಗಳನ್ನೂ ತೆರೆಯುವ ಖಾಸಗಿ ಕೀಲಿಯನ್ನು ರಹಸ್ಯ ವಾಕ್ಯದಿಂದ ರಕ್ಷಿಸಬೇಕು. ಸರ್ವರ್‌ನ ಗುರುತನ್ನು ಪರಿಶೀಲಿಸುವ ಹೋಸ್ಟ್ ಕೀಲಿ ತಪಾಸಣೆಯನ್ನು ಅನುಕೂಲಕ್ಕಾಗಿ ನಿಷ್ಕ್ರಿಯಗೊಳಿಸಬಾರದು.
- ಯಾರು, ಯಾವಾಗ, ಯಾವ ಸರ್ವರ್‌ಗಳಿಗೆ ಯಾವ ಆದೇಶ ನೀಡಿದರು ಎಂಬ ದಾಖಲೆಯನ್ನು ಇಡಬೇಕು.
- ಕೆಲಸ ಮುಗಿದ ಮೇಲೆ ಪಟ್ಟಿಯಲ್ಲಿದ್ದ ಸರ್ವರ್‌ಗಳ ಸಂಖ್ಯೆಗೂ ಯಶಸ್ಸು ವರದಿ ಮಾಡಿದವುಗಳ ಸಂಖ್ಯೆಗೂ ತಾಳೆ ಹಾಕಬೇಕು.

ಮಿತಿಗಳು

ಆದೇಶ ನೀಡಿದ ಕ್ಷಣದಲ್ಲಿ ಆರಿಸಿದ್ದ ಅಥವಾ ಜಾಲದಿಂದ ಹೊರಗಿದ್ದ ಸರ್ವರ್‌ಗೆ ಬದಲಾವಣೆ ತಲುಪುವುದಿಲ್ಲ. ಇಂತಹ ಬಿಡಿ ಆದೇಶಗಳು ಹೆಚ್ಚಿದಂತೆ, ಒಂದೇ ರೀತಿ ಇರಬೇಕಾದ ಸರ್ವರ್‌ಗಳು ಕ್ರಮೇಣ ಭಿನ್ನವಾಗುತ್ತವೆ. ಈ ಕಾರಣದಿಂದ ಶಾಶ್ವತ ಬದಲಾವಣೆಗಳಿಗೆ, ಸರ್ವರ್ ಹೇಗಿರಬೇಕೆಂಬುದನ್ನು ಲಿಖಿತವಾಗಿ ವಿವರಿಸಿ ಮತ್ತೆ ಮತ್ತೆ ಅದೇ ಸ್ಥಿತಿಗೆ ತರುವ ಸಂರಚನಾ ನಿರ್ವಹಣಾ ವ್ಯವಸ್ಥೆಗಳನ್ನು ಬಳಸಲಾಗುತ್ತದೆ. ಓಸ್ಲೋ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಬರ್ಗೆಸ್ ಅವರು 1993ರಲ್ಲಿ ಆರಂಭಿಸಿದ ಸಿಎಫ್‌ಎಂಜಿನ್ ಈ ಬಗೆಯ ಆರಂಭಿಕ ವ್ಯವಸ್ಥೆಗಳಲ್ಲೊಂದು. 2005ರಲ್ಲಿ ಬಂದ ಪಪೆಟ್ ಕೂಡ ಇದೇ ವರ್ಗಕ್ಕೆ ಸೇರಿದೆ. ಆನ್ಸಿಬಲ್ ಮತ್ತು ಸಾಲ್ಟ್ ಎರಡೂ ಬಗೆಯ ಕೆಲಸಗಳನ್ನು ಮಾಡಬಲ್ಲವು. ತಕ್ಷಣದ ಪರಿಶೀಲನೆ, ತುರ್ತು ದುರಸ್ತಿ ಮತ್ತು ಮಾಹಿತಿ ಸಂಗ್ರಹಣೆಗೆ ಏಕಕಾಲಿಕ ಆದೇಶ ಚಾಲನೆಯು ಈಗಲೂ ಬಳಕೆಯಲ್ಲಿದೆ.